ಅಂಡಮಾನಿನ ಫಾರಂನಲ್ಲಿ ನನ್ನ ಹೆಸರು

ಹ್ವಾಯ್,

ಬಂಗುಡೆ ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಂಡು ಉಣ್ಣಿ. ಆಮೇಲೆ ಗ್ಯಾಸ್ ಆಫ್ ಮಾಡಿ, ಪ್ರತಿ ಸಲ ನಾನೇ ನೋಡಬೇಕಾಗುತ್ತದೆ.

ನಿಮ್ಮೆಲ್ಲರ ಆಧಾರ್ ಜೆರಾಕ್ಸ್ ಟಿವಿ ಪಕ್ಕದಲ್ಲಿದೆ. ಅಂಡಮಾನಿನಲ್ಲಿ ನೀವು ಹೋಗುವ ದ್ವೀಪದ ನ್ಯಾಷನಲ್ ಪಾರ್ಕಿಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಸ್ಟೀಲ್ ಬಾಟಲಿ ತೊಳೆದಿಟ್ಟಿದ್ದೇನೆ. ಎರಡು ತಿಂಗಳು ಅಲ್ಲಿನ ದೋಣಿಯವರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿದವಳು ನಾನು. ಬೆಳಿಗ್ಗೆ ನೀವು ತುಂಬಿಸಿದ ಪರ್ಮಿಟ್ ಫಾರಂ ನೋಡಿದರೆ ಹೋಗುವವರು ನೀವು, ನಿಮ್ಮ ಅಕ್ಕ, ಭಾವ, ಅವರ ಮಗಳು ರಮ್ಯಶ್ರೀ.

ಕೇಳಿದ್ದಕ್ಕೆ ಏನಂದಿರಿ? "ದೋಣ್ಯಗೆ ಕೂಕಂಡ್ರೆ ನಿಂಗೆ ತಲಿ ತಿರ್ಗತ್ತ್, ನೀ ಎಂತಕ್ಕೆ ಬಪ್ದ್?"

ಗಂಗೊಳ್ಳಿಯಿಂದ ಕುಂದಾಪುರದ ಕಾಲೇಜಿಗೆ ಮೂರು ವರ್ಷ ದೋಣಿಯಲ್ಲೇ ಹೋಗಿ ಬಂದವಳು ನಾನು. ಹೆಣ್ಣು ನೋಡಲು ಬಂದ ದಿನ ಅದೇ ದೋಣಿಯಲ್ಲಿ ನನ್ನ ಅಣ್ಣನ ಕೈ ಗಟ್ಟಿ ಹಿಡಿದು ಕೂತವರು ನೀವು. ಮರೆತುಹೋಯಿತಾ?

ಅಮ್ಮನ ಮನೆಗೆ ಹೋಗುತ್ತಿದ್ದೇನೆ. ದೋಣಿಯಲ್ಲೇ.

ಫಾರಂನ ಕೊನೆಗೆ, "ಅಪಾಯವಾದರೆ ಯಾರಿಗೆ ತಿಳಿಸಬೇಕು" ಅನ್ನುವಲ್ಲಿ ಮಾತ್ರ ನನ್ನ ಹೆಸರು ಬರೆದಿದ್ದಿರಿ. ಅದನ್ನು ಹೊಡೆದು ಹಾಕಿದ್ದೇನೆ. ಅಳಲಿಕ್ಕೂ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ರಮಿತಾ