ಹೆಲಿಕಾಪ್ಟರಿನೊಳಗಿನ ಹಾಡು

ಜೋರಾಪುರ ಪೇಟೆ, ವಿಜಯಪುರ
ಸೋಮವಾರ

ಕನಮಡಿಯ ಮುತ್ತು ಅವರಿಗೆ, ನಿವೃತ್ತ ಹವಾಲ್ದಾರ ಅರುಣಕುಮಾರನ ನಮಸ್ಕಾರ.

ನಿನ್ನೆ ಸೊಲ್ಲಾಪುರ ರಸ್ತೆಯ ಚಹಾದಂಗಡಿಯೊಳಗ ನಾವು ಮಾಜಿ ಸೈನಿಕರು ಕೂಡಿದಾಗ, ನೀವೂ ಹೆಲಿಕಾಪ್ಟರ್ ಹತ್ತಿದ ಕಥಿ ಹೇಳಿದ್ರಿ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಹೊಡೀಲಿಲ್ಲ.

ಹಿಮದ ಗುಡ್ಡದ ಮ್ಯಾಲ ಹಾರುವಾಗ ನೀವು ರಾಶಿ ಕಣದ ಹಂತಿ ಪದ ಹಾಡಿದ್ರಂತ, ಪೈಲಟ್ ಕೇಳಿ ನಕ್ಕನಂತ. ಹೆಲಿಕಾಪ್ಟರಿನೊಳಗ ಬಾಜೂಕ ಕುಂತವ ಒದರಿದ್ರೂ ಕೇಳಸೂದಿಲ್ರೀ! ನಾವು ಕೈಸನ್ನಿಲೇ ಮಾತಾಡ್ತಿದ್ವಿ. ಹತ್ತಿದವ್ರು ಯಾರೂ ಆ ಸಪ್ಪಳ ಮರಿಯೂದಿಲ್ಲ. ಇವತ್ತಿಗೂ ಊರ ಮ್ಯಾಲ ಹೆಲಿಕಾಪ್ಟರ್ ಹಾದ್ರ ಊಟ ಬಿಟ್ಟು ಅಂಗಳಕ್ಕ ಓಡ್ತೀನಿ. ನೀವು ಸಪ್ಪಳದ ಮಾತೇ ಎತ್ತಲಿಲ್ಲ. ಯಾವ ಪಲ್ಟನ್ ಅಂತ ಕೇಳಿದ್ರ ಚಹಾ ಹೇಳಾಕ ಎದ್ದು ಹೋದ್ರಿ.

ಮನಿಗೆ ಬಂದು ವಿಚಾರ ಮಾಡಿದೆ. ಆ ಹಾಡಿನ ಮಾತು ಒಂದೇ ಒಂದು ಪತ್ರದಾಗ ಐತಿ. ನಿಮ್ಮೂರಿನ ಸಿಪಾಯಿ ಶಂಕ್ರೆಪ್ಪ ತೀರಿಕೊಂಡ ಮ್ಯಾಲ ಅವನ ತಾಯಿ ಗುರುಸಿದ್ದವ್ವಗ ನಾನೇ ಬರದ ಪತ್ರ ಅದು. ಹಾಡು ನಾ ಕಟ್ಟಿದ ಸುಳ್ಳು. ಅವತ್ತು ಹೆಲಿಕಾಪ್ಟರಿನೊಳಗ ಶಂಕ್ರೆಪ್ಪ ಸ್ಟ್ರೆಚರ್ ಮ್ಯಾಲ ಮಲಗಿದ್ದ. ಇಳಿಯೂತನಾ ನನ್ನ ಕೈ ಬಿಡಲಿಲ್ಲ.

ಆ ಪತ್ರ ತಾಯಿಗೆ ಓದಿ ಹೇಳಿದ ಶಂಕ್ರೆಪ್ಪನ ತಮ್ಮ ನೀನೇ ಅಲ್ಲೇನು?

ಮುಂದಿನ ಐತವಾರ ಬಾರಪಾ. ನಿನ್ನ ಕಥಿ ಅಂತ ಬ್ಯಾಡ, ಅಣ್ಣನ ಕಥಿ ಅಂತ ಹೇಳು. ನಾನೂ ಚಪ್ಪಾಳಿ ಹೊಡೀತೀನಿ.

ಅವ್ವ ಇನ್ನೂ ಇದ್ರ, ಈ ಕಾಗದ ಮಾತ್ರ ಓದಿ ಹೇಳಬ್ಯಾಡ.

ನಿಮ್ಮಣ್ಣನ ಜೋಡೀದಾರ,
ಅರುಣಕುಮಾರ