ಆ ಗದ್ದಲದಲ್ಲಿ ನಿಮಗೆ ಕೇಳಿಸಿದ ಒಂದೇ ಒಂದು ‘ಇಲ್ಲ’

ಮಾನ್ಯ ಸಭಾಧ್ಯಕ್ಷರೇ,

ಸಂವಿಧಾನ ತಿದ್ದುಪಡಿ ಮಸೂದೆಯ ವಿರುದ್ಧ ಮತ ಹಾಕಿದ ಎಂಬ ಕಾರಣಕ್ಕೆ ನೀವು ನನ್ನ ಅಣ್ಣನ ಸದಸ್ಯತ್ವವನ್ನು ರದ್ದು ಮಾಡಿದಿರಿ. ಆ ಮಸೂದೆಯ ಮೇಲೆ ಅಂದು ನೀವು ಮತಗಳನ್ನೇ ಎಣಿಸಿರಲಿಲ್ಲ. ನನ್ನ ದೂರು ಇಷ್ಟೇ, ಮಿಕ್ಕಿದ್ದೆಲ್ಲ ವಿವರ. ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಮಡಚಿಡಬಹುದು. ಆ ಮಸೂದೆಯನ್ನೂ ಬಹಳ ಜನ ಇಷ್ಟೇ ಓದಿದ್ದರು.

ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಇತ್ತು, ಎಲ್ಲಿ ಹೋಯಿತೋ ತಿಳಿಯದು. ಹಲ್ಲು ಕೀಳುವ ಮುನ್ನ ಇಂಜೆಕ್ಷನ್ ಚುಚ್ಚಿದಾಗ ದವಡೆ ಯಾರದೋ ಅನ್ನಿಸುತ್ತದಲ್ಲ, ಹಾಗಿದೆ. ಬೆಳಿಗ್ಗೆ ಪತ್ರಿಕೆ ಬಿಡಿಸುತ್ತೇನೆ, ‘ಹೊಸ ಆದೇಶ’ ಎಂದು ಓದುತ್ತೇನೆ, ಹಾಲು ಉಕ್ಕುವ ಮುಂಚೆ ಎದ್ದು ಹೋಗುತ್ತೇನೆ. ಆಮೇಲೆ ಏನು ಓದಿದೆ ಎಂದು ಕೇಳಿದರೆ ನೆನಪಿರುವುದಿಲ್ಲ.

ನಾವು ಅಣ್ಣ ತಂಗಿ ಸೇರಿ ಡ್ರೈವಿಂಗ್ ಸ್ಕೂಲ್ ನಡೆಸುತ್ತೇವೆ. ಅಪ್ಪ ಶುರು ಮಾಡಿದ್ದು. ಒಂದು ಸಣ್ಣ ಆಫೀಸು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹೊರಗೆ ಎರಡು ಹಳೆಯ ಕಾರು. ಅಣ್ಣನದು ಮೆತ್ತನೆಯ ದನಿ. ಲಾರಿ ಎದುರಿಗೆ ಬಂದರೂ ಅವನು ಪಕ್ಕದ ಸೀಟಿನಿಂದ “ನಿಧಾನ” ಎನ್ನುತ್ತಿದ್ದನೇ ಹೊರತು ಕೂಗುತ್ತಿರಲಿಲ್ಲ. ಅದಕ್ಕೇ ಅವನಿಗೆ ನಿಧಾನ ಮೇಷ್ಟ್ರು ಎಂದು ಹೆಸರು ಬಿತ್ತು. ಊರಿನ ಅರ್ಧ ಜನ ಕ್ಲಚ್ ಬಿಡುವುದನ್ನು ಅವನಿಂದಲೇ ಕಲಿತರು. ಇಷ್ಟು ಜನರ ಪ್ರಾಣ ಕಾಪಾಡಿದವನು ಇನ್ನೊಬ್ಬ ಸಿಗಲಾರ ಎಂದು ಆಳುವ ಪಕ್ಷದವರು ಕರೆದು ಟಿಕೆಟ್ ಕೊಟ್ಟರು. ಗೆದ್ದ. ನಿಮ್ಮ ಸದನದ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ, ನಿಮಗೆ ಕಾಣದ ಕಡೆ ಅವನಿಗೆ ಜಾಗ ಸಿಕ್ಕಿತು.

ನಮ್ಮ ಕಾರುಗಳಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅದಿಲ್ಲದಿದ್ದರೆ ನಮಗೆ ಲೈಸೆನ್ಸೇ ಇಲ್ಲ. ಇದು ಸರ್ಕಾರದ ಕಾನೂನು. ಸ್ಟೀರಿಂಗ್ ಹಿಡಿದವನು ಎಷ್ಟೇ ಒಳ್ಳೆಯವನಿರಲಿ, ಇನ್ನೊಬ್ಬರ ಕಾಲು ಇನ್ನೊಂದು ಬ್ರೇಕಿನ ಮೇಲಿರಬೇಕು. ಸರ್ಕಾರಕ್ಕೆ ಇದು ಕಾರಿನ ವಿಷಯದಲ್ಲಿ ಗೊತ್ತಿದೆ. ತನ್ನ ವಿಷಯಕ್ಕೆ ಬಂದಾಗ ಮಾತ್ರ ಆ ಬ್ರೇಕು ಪ್ರಗತಿಗೆ ಅಡ್ಡಿ ಎಂದು ಕಂಡಿತು. ತಿದ್ದುಪಡಿಯಲ್ಲಿ ಇದ್ದದ್ದು ಎರಡು ಮಾತು. ಪ್ರಧಾನಿಯವರು ಹೊರಡಿಸಿದ ಆದೇಶ ಸದನಕ್ಕೆ ಬರದೆಯೂ ಕಾನೂನಾಗುತ್ತದೆ. ಸದಸ್ಯರ ಅನರ್ಹತೆಯ ಬಗ್ಗೆ ಸಭಾಧ್ಯಕ್ಷರು ಕೊಟ್ಟ ತೀರ್ಪನ್ನು ಯಾವ ನ್ಯಾಯಾಲಯವೂ ಮುಟ್ಟುವಂತಿಲ್ಲ. ಇದಕ್ಕೆ ಅವರಿಟ್ಟ ಹೆಸರು ‘ಸುಧಾರಣೆ’.

ಪಕ್ಷ ವಿಪ್ ಹೊರಡಿಸಿತು, ಎಲ್ಲರೂ ಹೌದು ಎನ್ನಬೇಕು. ಹಿಂದಿನ ಸಂಜೆ ಅಣ್ಣ ಆಫೀಸಿಗೆ ಬಂದು ಬೆಂಚಿನ ಮೇಲೆ ಕೂತ.

“ನಾನು ಇಲ್ಲ ಅಂತೀನಿ, ಪುಟ್ಟಿ,” ಎಂದ. ನನ್ನ ತಲೆ ಅರ್ಧ ಬೆಳ್ಳಗಾಗಿದ್ದರೂ ಅವನಿಗೆ ನಾನು ಪುಟ್ಟಿಯೇ.

“ಒಬ್ಬನೇನಾ?”

“ಸದನದಲ್ಲಿ ನನ್ನ ಪಕ್ಕ ಕೂರೋ ಡಾಕ್ಟರೂ ಎದ್ದು ನಿಲ್ತೀನಿ ಅಂದಿದ್ದಾರೆ. ಸೋಲ್ತೀವಿ, ಅದು ಗೊತ್ತು. ಎಷ್ಟು ಜನ ಬೇಡ ಅಂದ್ರು ಅಂತ ಲೆಕ್ಕಕ್ಕಾದ್ರೂ ಬರ್ಲಿ.”

ಮರುದಿನ ನಾನೂ ಅತ್ತಿಗೆಯೂ ಸಾರ್ವಜನಿಕರ ಗ್ಯಾಲರಿಯಲ್ಲಿದ್ದೆವು. ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಮುಂದಕ್ಕೆ ಬಾಗಬಾರದು ಎಂದು ಕಾವಲಿನಾಕೆ ನಮಗೆ ತಿಳಿಹೇಳಿದಳು. ಕೆಳಗೆ ಸದಸ್ಯರು ಮೇಜು ಗುದ್ದುತ್ತಿದ್ದರು, ಕಾಗದ ಹರಿದು ತೂರುತ್ತಿದ್ದರು, ಒಬ್ಬರು ಕುರ್ಚಿಯ ಮೇಲೆ ಹತ್ತಿದ್ದರು. ಆ ಸಂತೆಯ ನಡುವೆ ನೀವು ಮಸೂದೆಯ ಹೆಸರು ಓದಿ, ಪರವಾಗಿರುವವರು ಹೌದೆನ್ನಿ, ವಿರುದ್ಧವಾಗಿರುವವರು ಇಲ್ಲವೆನ್ನಿ ಎಂದಿರಿ. ಅಣ್ಣ ಎದ್ದು ನಿಂತ. ತುಟಿ ಅಲ್ಲಾಡಿದ್ದು ಕಂಡಿತು. ಆಮೇಲೆ ಕೈ ಎತ್ತಿ, ಮತ ಎಣಿಸಿ ಎನ್ನುತ್ತಾ ಬೆರಳು ಮಡಚಿ ತೋರಿಸಿದ. ಅವನ ಮೈಕಿನ ದೀಪ ಆರಿತು. “ಹೌದೆನ್ನುವವರ ಬಹುಮತವಿದೆ, ಬಹುಮತವಿದೆ” ಎಂದು ನೀವು ಎದ್ದು ಹೋದಿರಿ. ಅವನ ಪಕ್ಕದ ಡಾಕ್ಟರ್ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

“ಆಗೋಯ್ತಾ?” ಎಂದು ಅತ್ತಿಗೆ ಕೇಳಿದಳು. ಮಾತಾಡಬೇಡಿ ಎಂದು ಕಾವಲಿನಾಕೆ ಭುಜ ತಟ್ಟಿದಳು.

ಈಗ ನಿಮ್ಮ ತೀರ್ಪಿಗೆ ಬರುತ್ತೇನೆ. ಅದನ್ನು ನಾನು ಹಲವು ಸಲ ಓದಿದ್ದೇನೆ, ಒಳ್ಳೆಯ ಭಾಷೆ. ಒಬ್ಬ ಸದಸ್ಯ ಕೇಳಿದರೂ ಮತ ಎಣಿಸಬೇಕೆಂಬುದು ಸದನದ ನಿಯಮ, ಅಣ್ಣ ಕೇಳಿದ್ದನಲ್ಲ? ಗದ್ದಲದಿಂದಾಗಿ ಆ ಬೇಡಿಕೆ ಪೀಠಕ್ಕೆ ಕೇಳಿಸಲಿಲ್ಲ ಎಂದಿದ್ದೀರಿ. ಸರಿ, ಒಪ್ಪಿದೆ. ಮುಂದಿನ ಪ್ಯಾರಾದಲ್ಲಿ, ಸದರಿ ಸದಸ್ಯರು ‘ಇಲ್ಲ’ ಎಂದದ್ದು ಪೀಠಕ್ಕೆ ಸ್ಪಷ್ಟವಾಗಿ ಕೇಳಿಸಿತು, ಆದ್ದರಿಂದ ವಿಪ್ ಉಲ್ಲಂಘನೆ ಸಾಬೀತಾಗಿದೆ ಎಂದಿದ್ದೀರಿ. ಸ್ವಾಮಿ, ಒಂದೇ ಬಾಯಿ, ಒಂದೇ ನಿಮಿಷ, ಅದೇ ಗದ್ದಲ. ಊಟಕ್ಕೆ ಕೂತವರಿಗೇ ಅವನು ಉಪ್ಪು ಕೇಳಿದ್ದು ಕೇಳಿಸುವುದಿಲ್ಲ. ಕಂಬದ ಹಿಂದಿನ ಆ ದನಿಯಲ್ಲಿ ಶಿಕ್ಷೆಗೆ ಬೇಕಾದ ಮಾತನ್ನು ಮಾತ್ರ ಆರಿಸಿಕೊಂಡ ಕಿವಿಯನ್ನು ನಾನು ಏನೆಂದು ಹೊಗಳಲಿ?

ಇನ್ನೊಂದು ಸಣ್ಣ ಸಂದೇಹ. ಸಂವಿಧಾನ ತಿದ್ದಲು ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕೆಂದು ಸಂವಿಧಾನವೇ ಹೇಳುತ್ತದೆ. ಮೂರನೇ ಎರಡು ಎಂದರೆ ಲೆಕ್ಕ. ಗಂಟಲುಗಳ ಜೋರನ್ನು ಕೇಳಿ ಮೂರನೇ ಎರಡು ಎಂದು ಹೇಳಲು ಬರುತ್ತದೆಯೇ? ದಪ್ಪ ದನಿಯವರನ್ನು ಇಬ್ಬರೆಂದು ಹಿಡಿದಿರಾ? ಸದಸ್ಯರು ಕೂಗಲಿ ಎಂದು ನಾವು ಆರಿಸಿ ಕಳಿಸುವುದಾದರೆ, ಚುನಾವಣೆಯ ಖರ್ಚೇಕೆ, ಮೈದಾನದಲ್ಲಿ ಕೂಗಿಸಿ ಆರಿಸಬಹುದಲ್ಲ?

ವಕೀಲರ ಹತ್ತಿರ ಹೋದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೇಸ್ ನಿಲ್ಲಲ್ಲಮ್ಮ. ಅಧ್ಯಕ್ಷರ ತೀರ್ಪನ್ನ ಕೋರ್ಟು ಮುಟ್ಟೋ ಹಾಗಿಲ್ಲ.”

“ಯಾವಾಗಿಂದ ಸರ್?”

“ಇದೇ ತಿದ್ದುಪಡಿಯಿಂದ. ನಿಮ್ಮಣ್ಣ ಯಾವುದನ್ನ ಬೇಡ ಅಂದ್ರೋ, ಅದರಿಂದಾನೇ.”

ಅಣ್ಣ ಅವರಿಗೆ ಥ್ಯಾಂಕ್ಸ್ ಹೇಳಿ ಎದ್ದ. ಮೆಟ್ಟಿಲಿಳಿಯುವಾಗ ನಾನು ಏನಾದರೂ ಹೇಳಬೇಕಿತ್ತು. ಕಾರಿಗೆ ಪೆಟ್ರೋಲ್ ಹಾಕಿಸಬೇಕು ಎಂದೆ.

ಈಗ ಅವನು ಮತ್ತೆ ಕಲಿಸಲು ಬರುತ್ತಾನೆ. ಆದರೆ ಖಾಲಿ ರಸ್ತೆಯಲ್ಲೂ ಬ್ರೇಕ್ ಒತ್ತುತ್ತಾನೆ. ಮೊನ್ನೆ ಒಬ್ಬ ಬ್ಯಾಂಕಿನ ಹೆಂಗಸು ನನ್ನ ಹತ್ತಿರ ಬಂದು, “ಮೇಡಂ, ಸರ್ ಗಾಡಿ ಮುಂದಕ್ಕೇ ಹೋಗೋಕೆ ಬಿಡಲ್ಲ, ನೀವೇ ಕಲಿಸ್ತೀರಾ?” ಎಂದಳು. ಹೂಂ ಎಂದೆ. ಅಣ್ಣ ಕೇಳಿಸಿಕೊಂಡು ಕಾರಿನ ಕೀಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಕಾರಿನ ಗಾಜು ಒರೆಸಿದ. ಗಾಜು ಚೆನ್ನಾಗಿಯೇ ಇತ್ತು.

ಪಕ್ಕದಂಗಡಿಯ ದರ್ಜಿಗೆ ರಸ್ತೆ ಅಗಲ ಮಾಡುವ ಆದೇಶ ಬಂದಿದೆ. ಅರ್ಧ ಅಂಗಡಿ ಹೋಗುತ್ತದೆ. ಮೊದಲಾದರೆ ಅವರು ಅಣ್ಣನ ಬಳಿ ಬರುತ್ತಿದ್ದರು, ಅಣ್ಣ ಸದನದಲ್ಲಿ ಕೇಳುತ್ತಿದ್ದ, ಮಂತ್ರಿಗಳು ಸುಳ್ಳಾದರೂ ಒಂದು ಉತ್ತರ ಕೊಡಬೇಕಾಗುತ್ತಿತ್ತು. ಸುಳ್ಳು ಹೇಳಬೇಕಾದ ಆ ಕಷ್ಟವನ್ನೂ ನೀವು ಅವರಿಗೆ ತಪ್ಪಿಸಿದ್ದೀರಿ. ಅಧಿಕಾರದ ಸಮತೋಲನ ಎಂದು ಪಾಠದಲ್ಲಿ ಓದಿದ್ದು ಇದನ್ನೇ ಎಂದು ಆಗ ಯಾರೂ ನಮಗೆ ಹೇಳಿರಲಿಲ್ಲ.

ಒಂದು ಭಾನುವಾರ ಆ ಡಾಕ್ಟರ್ ಮನೆಗೆ ಬಂದರು. ಅವರು ದಂತವೈದ್ಯರು ಎಂದಿಟ್ಟುಕೊಳ್ಳಿ. ಹುಡುಕಲು ಹೋಗಬೇಡಿ, ಅವರ ಕಸುಬನ್ನೂ ಸೀಟನ್ನೂ ನಾನು ಬದಲಿಸಿ ಬರೆದಿರಬಹುದು. ಸೋಫಾದ ಅಂಚಿನಲ್ಲಿ ಕೂತು, “ನಾನೂ ಇಲ್ಲ ಅಂದೆ ಮೇಷ್ಟ್ರೇ, ನಂಬಿ,” ಎಂದರು.

“ನಿಂತ್ಕೊಂಡಾ?” ಎಂದು ನಾನು ಕೇಳಿದೆ.

“ಕೂತ್ಕೊಂಡೇ. ತಲೆ ಬಗ್ಗಿಸ್ಕೊಂಡು. ಮುಂದಿನ ಸಾಲಲ್ಲೂ ಇನ್ನಿಬ್ಬರು ಅಂದ್ರು, ನಂಗೆ ಕೇಳಿಸ್ತು.”

ಅತ್ತಿಗೆ ಲೋಟ ಕೊಡುತ್ತಾ, “ಅಧ್ಯಕ್ಷರಿಗೆ ಕೇಳಿಸ್ಲಿಲ್ವಲ್ಲ, ಬಚಾವಾದ್ರಿ,” ಎಂದಳು.

“ಕಾಫಿ ಕುಡೀಲಿ ಬಿಡೇ,” ಎಂದ ಅಣ್ಣ. ಡಾಕ್ಟರ್ ಅತ್ತರು. ನಮಗೆ ಮೂವರಿಗೂ ಅಳು ಬರಲಿಲ್ಲ. ಅತಿಥಿಯೊಬ್ಬರು ಅಳುವಾಗ ಸುಮ್ಮನೆ ಕೂತಿರುವುದು ಮರ್ಯಾದೆಯಲ್ಲ ಎಂದು ಅತ್ತಿಗೆ ಹೋಗಿ ಟವೆಲ್ ತಂದುಕೊಟ್ಟಳು.

ಹೋದ ವಾರ ಪಕ್ಷದ ಇಬ್ಬರು ಆಫೀಸಿಗೆ ಬಂದಿದ್ದರು. ತೆರವಾದ ಸ್ಥಾನಕ್ಕೆ ಉಪಚುನಾವಣೆಯಂತೆ. ಅಣ್ಣ ನಿಲ್ಲುವಂತಿಲ್ಲ.

“ಅಕ್ಕಾ, ಜನಕ್ಕೆ ನಿಮ್ಮ ಮನೆ ಮೇಲೆ ಅಭಿಮಾನ ಇದೆ. ನೀವೇ ನಿಂತ್ಬಿಡಿ.”

“ಅಲ್ಲಿ ನಾನೇನು ಮಾಡ್ಬೇಕು?”

“ಏನೂ ಇಲ್ಲ ಅಕ್ಕಾ. ಕೂತಿದ್ರೆ ಸಾಕು.”

ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಅಣ್ಣ ನಗುತ್ತಿದ್ದ. ಬಹಳ ದಿನಗಳ ಮೇಲೆ ಕೇಳಿದ್ದರಿಂದ ಮೊದಲು ಕೆಮ್ಮು ಎಂದುಕೊಂಡೆ. ಬಂದವರಿಗೆ ಆಗುವುದಿಲ್ಲ ಎಂದೆ. ಅವರು ಬೇಸರಪಟ್ಟುಕೊಳ್ಳದೆ ಹೋದರು. ಇನ್ನೂ ಬೇರೆ ಮನೆಗಳಿಗೆ ಹೋಗುವುದಿತ್ತಂತೆ.

ಮಾನ್ಯರೇ, ಅಣ್ಣನ ಸ್ಥಾನವನ್ನು ಹಿಂದಿರುಗಿಸಿ ಎಂದು ನಾನು ಕೇಳುತ್ತಿಲ್ಲ. ಅವನು ಪಕ್ಷದ ಆಜ್ಞೆ ಮೀರಿದ್ದು ನಿಜ, ಅದನ್ನು ಅವನೇ ಒಪ್ಪುತ್ತಾನೆ. ನನ್ನ ಒತ್ತಾಯ ಒಂದೇ. ಸದನವನ್ನು ಕರೆಯಿರಿ. ಬಾಗಿಲು ಹಾಕಿಸಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಎದ್ದು ನಿಲ್ಲಿಸಿ, ಹೌದೋ ಇಲ್ಲವೋ ಕೇಳಿ, ಎಣಿಸಿ. ಡಾಕ್ಟರ್ ಎದ್ದು ಹೌದು ಎಂದರೂ ನನಗೆ ಬೇಸರವಿಲ್ಲ. ಮಸೂದೆ ಗೆದ್ದರೆ ಗೆಲ್ಲಲಿ. ಎಲ್ಲರೂ ಸೇರಿ ಬ್ರೇಕು ಬೇಡವೆಂದರೆ ಬೇಡ, ಬಿದ್ದಾಗ ಎಲ್ಲರೂ ಬೀಳೋಣ. ಆದರೆ ಎಷ್ಟು ಮತಗಳಿಂದ ಸೋತೆವು ಎಂಬುದು ಸೋತವರಿಗೆ ತಿಳಿಯಬೇಕು. ಅದನ್ನೂ ನಮ್ಮಿಂದ ಕಿತ್ತುಕೊಂಡರೆ, ನಾವು ಸೋತೆವೋ, ಅಥವಾ ಅಲ್ಲಿ ಇರಲೇ ಇಲ್ಲವೋ, ನಮಗೇ ಗೊತ್ತಾಗುವುದಿಲ್ಲ.

ಇಂತಿ,
ಮುಂದಿನ ಆದೇಶ ಬರುವವರೆಗೆ ಈ ದೇಶದ ಮತದಾರಳಾಗಿರುವ,
ಮಾಜಿ ಸದಸ್ಯರೊಬ್ಬರ ತಂಗಿ