ಒಂದೇ ಸಲ ಕೇಳುವವಳು

ಕಾಕ್ಕನಾಡ್,
ಮೇ ೨೩, ೨೦೦೬, ಮಂಗಳವಾರ

ಪ್ರಿಯ ತಂಗಿ ಸುಶೀಲಳಿಗೆ,

ಅಕ್ಕನ ಆಶೀರ್ವಾದ. ನಾನೂ ನಿನ್ನ ಭಾವನೂ ಇಲ್ಲಿ ಕ್ಷೇಮ. ನೀವು ಮೂವರೂ ಅಲ್ಲಿ ಕ್ಷೇಮ ಅಂತ ಬರೆಯಲು ಹೊರಟರೆ ‘ಮೂವರು’ ಅನ್ನುವಲ್ಲಿ ಪೆನ್ನು ನಿಂತುಬಿಟ್ಟಿತು. ಆ ಮೂರನೆಯವಳು ನನ್ನ ಮಗಳು. ಅಕ್ಕ ಶುರುವಿನಲ್ಲೇ ಜಗಳಕ್ಕೆ ನಿಂತಳು ಅಂದುಕೊಳ್ಳಬೇಡ. ಜಗಳಕ್ಕೇ ನಿಂತಿದ್ದೇನೆ, ಆದರೆ ಅದೊಂದಕ್ಕೇ ಅಲ್ಲ. ಪೂರ್ತಿ ಓದು.

ಭಾನುವಾರ ನೀನು ಫೋನ್ ಮಾಡಿ ಅಷ್ಟೆಲ್ಲ ಹೇಳಿದಾಗ ನಾನು “ಹೌದಾ, ಸರಿ, ಇಡ್ತೇನೆ” ಅಂದು ಇಟ್ಟುಬಿಟ್ಟೆ. ಆಮೇಲೆ ನೀನು ನಿನ್ನ ಭಾವನ ಮೊಬೈಲಿಗೆ ಮಾಡಿ, ಅಕ್ಕನಿಗೆ ಸಿಟ್ಟು ಬಂತಾ ಅಂತ ಕೇಳಿದೆಯಂತೆ. ಹೈಕೋರ್ಟಿನಲ್ಲಿ ಊರವರ ಪರವಾಗಿ ವಾದಿಸುವ ಮನುಷ್ಯನಿಗೆ ಹೆಂಡತಿಯ ಪರವಾಗಿ ಹೇಳಲು ಒಂದು ಮಾತೂ ಸಿಗುವುದಿಲ್ಲ. “ಅವಳ ಮಾತೇ ಹಾಗೆ, ಕಡ್ಡಿ ಮುರಿದ ಹಾಗೆ, ನೀನು ತಲೆಕೆಡಿಸಿಕೊಳ್ಳಬೇಡ” ಅಂದರಂತೆ. ಅದನ್ನು ನನಗೇ ಬಂದು ಹೇಳಿದರು, ದೊಡ್ಡ ಉಪಕಾರ ಮಾಡಿದವರ ಹಾಗೆ. ಫೋನಿನಲ್ಲಿ ನನ್ನ ಗಂಟಲಿನಿಂದ ಎರಡು ಮಾತಿಗಿಂತ ಹೆಚ್ಚು ಹೊರಡುವುದಿಲ್ಲ. ಅದಕ್ಕೇ ಈ ಪತ್ರ. ಬರೆಯುವಾಗ ನನ್ನ ಮುಖ ಯಾರಿಗೂ ಕಾಣುವುದಿಲ್ಲವಲ್ಲ.

ನನಗೆ ಸಿಟ್ಟು ಬಂದಿರಲಿಲ್ಲ, ಸುಶೀಲಾ. ನನಗೆ ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಕರೆಯುವುದರಲ್ಲಿ ಅರ್ಥವಿಲ್ಲ.

ಇದು ಇವತ್ತಿನದಲ್ಲ. ಕಾಸರಗೋಡಿನ ಮನೆಗೆ ನೆಂಟರು ಬಂದರೆ ಅಮ್ಮ ಬಡಿಸಲು ನಿನ್ನನ್ನು ಕರೆಯುತ್ತಿದ್ದಳು, ಪಾತ್ರೆ ತೊಳೆಯಲು ನನ್ನನ್ನು. ನಮ್ಮ ಕಡೆಯ ಉಪಚಾರ ನಿನಗೆ ಗೊತ್ತು. ಮೊದಲ ಸಲ ಬೇಡ ಅನ್ನುವುದು ನೆಂಟರ ಮರ್ಯಾದೆ, ಎರಡನೇ ಸಲ ಬೇಡ ಅನ್ನುವುದೂ ಮರ್ಯಾದೆಯೇ, ಮೂರನೇ ಸಲ ಬಾಳೆಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಬಿಡಬೇಕು. ನೀನು ಬಿಡುತ್ತಿದ್ದೆ. “ಒಂದು ಸೌಟು, ನನ್ನ ಲೆಕ್ಕದಲ್ಲಿ” ಅನ್ನುತ್ತಿದ್ದೆ, ಅವರು ನಗುತ್ತಾ ಕೈ ತೆಗೆಯುತ್ತಿದ್ದರು. ಅಪರೂಪಕ್ಕೆ ಬಡಿಸಲು ನಿಂತರೆ ನಾನು ಬೇಡವಾ ಅಂತ ಕೇಳಿ, ಬೇಡ ಅಂದ ಕೂಡಲೇ ಮುಂದಿನ ಎಲೆಗೆ ಹೋಗುತ್ತಿದ್ದೆ. ಹಾಲಪ್ಪ ಮಾವನಂಥವರು ಹೊಟ್ಟೆ ತುಂಬದೆ ಎದ್ದು, ದೊಡ್ಡವಳಿಗೆ ಸೊಕ್ಕು ಅಂದುಕೊಂಡು ಹೋದರು. ಆ ಹೆಸರು ಗುಡ್ಡೆ ಇಳಿದು, ರೈಲು ಹತ್ತಿ, ಕೊಚ್ಚಿಯ ತನಕ ಬಂದಿದೆ. ಕಲೆಕ್ಟರೇಟಿನಲ್ಲಿ ನನ್ನ ಮೇಜಿಗೆ ಬಂದವರಿಗೆ ಒಂದು ಕಾಗದ ಕಡಿಮೆ ಇದೆ, ನಾಳೆ ತನ್ನಿ ಅಂತ ನೇರ ಹೇಳುತ್ತೇನೆ. ಆ ಮೇಡಂ ಭಾರೀ ಜೋರು ಅನ್ನುತ್ತಾರೆ. ಪಕ್ಕದ ಮೇಜಿನ ನಟರಾಜ ಕುಳಿತುಕೊಳ್ಳಿ ಚೇಟ್ಟಾ ಅಂತ ನಗುನಗುತ್ತಾ ಸಂಜೆಯವರೆಗೆ ಕೂರಿಸಿ ಆಮೇಲೆ ಅದನ್ನೇ ಹೇಳುತ್ತಾನೆ; ಅವನು ಬಂಗಾರದಂಥ ಮನುಷ್ಯ.

ಇಷ್ಟು ವರ್ಷ ಜನ ಏನು ಬೇಕಾದರೂ ಅಂದುಕೊಳ್ಳಲಿ ಅಂತ ಇದ್ದೆ. ಮಗಳು ಕೂಡ ಜನರ ಸಾಲಿಗೆ ಸೇರುತ್ತಾಳೆ ಅಂತ ಗೊತ್ತಿರಲಿಲ್ಲ.

ಏಪ್ರಿಲಿನಲ್ಲಿ ಅನನ್ಯ ರಜೆಗೆ ಶ್ರೀಕಾರ್ಯಂಗೆ, ನಿನ್ನ ಮನೆಗೆ, ಹೊರಟಾಗ ನಾನೇ ಬ್ಯಾಗು ತುಂಬಿದೆ. ಮೊದಲ ವಾರ ಫೋನಿನಲ್ಲಿ ಚಿಕ್ಕಮ್ಮ ಇದು ಮಾಡಿದರು, ಚಿಕ್ಕಮ್ಮ ಅಲ್ಲಿಗೆ ಕರಕೊಂಡು ಹೋದರು. ಆಮೇಲಾಮೇಲೆ ಫೋನಿಗೆ ಬರಲು ಅವಳಿಗೆ ಪುರುಸೊತ್ತಿಲ್ಲ. ಮೇ ತಿಂಗಳು ಹುಟ್ಟುವಾಗ ನೀನು ಮೆಲ್ಲಗೆ ಮಾತು ತೆಗೆದೆ. ಅಕ್ಕ, ಅನು ಹೇಗೂ ಎಂಟನೇ ಕ್ಲಾಸಿಗೆ, ಹೈಸ್ಕೂಲಿಗೆ ಹೊಸದಾಗಿ ಸೇರಬೇಕು, ಇಲ್ಲೇ ನಮ್ಮ ಹತ್ತಿರದ ಶಾಲೆಗೆ ಸೇರಿಸುವ, ಅವಳಿಗೂ ಮನಸ್ಸುಂಟು ಅಂದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದೆ. ನೋಡುವ ಅಂದೆ ನಾನು. ಅವತ್ತೇ ಎಡಪ್ಪಳ್ಳಿಗೆ ಹೋಗಿ ಟೈಲರ್ ಜೋಸೆಫನ ಹತ್ತಿರ ಇಲ್ಲಿಯ ಶಾಲೆಯ ಯೂನಿಫಾರ್ಮ್ ಹೊಲಿಯಲು ಕೊಟ್ಟೆ. ಅವನು ಮಗುವಿನ ಅಳತೆ ಎಲ್ಲಿ ಅಂತ ಕೇಳಿದ. ಹಳೆಯ ಅಳತೆಗೆ ಅಂದಾಜಿನ ಮೇಲೆ ಉದ್ದ ಸೇರಿಸಿ ಹೇಳಿದೆ. ಅವಳು ಎಷ್ಟು ಬೆಳೆದಿದ್ದಾಳೆ ಅನ್ನುವುದು ನಿನಗೆ ಗೊತ್ತು, ನಾನು ಅಂದಾಜು ಮಾಡಬೇಕು! ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡೇ ಮನೆಗೆ ಬಂದೆ.

ಎರಡನೇ ಶನಿವಾರ ಹೇಳದೆ ಕೇಳದೆ ನಿನ್ನ ಮನೆಗೆ ಬಂದದ್ದು ಅದೇ ಹೊಟ್ಟೆಕಿಚ್ಚಿನಿಂದ. ಅಚಾನಕ್ ಬಂದು ನಿಮ್ಮಿಬ್ಬರನ್ನು ಖುಷಿಪಡಿಸಲು ಅಂತ ಅವತ್ತು ಹೇಳಿದೆನಲ್ಲ, ಅದು ಸುಳ್ಳು. ಆಟೋ ಇಳಿದು ನಿನ್ನ ಗೇಟಿನ ಹತ್ತಿರ ನಾನು ಸ್ವಲ್ಪ ಹೊತ್ತು ನಿಂತಿದ್ದೆ. ಅದು ನಿನಗೆ ಗೊತ್ತಿಲ್ಲ. ನೀನು ಜಗಲಿಯಲ್ಲಿ ಅವಳ ತಲೆಗೆ ಎಣ್ಣೆ ಹಾಕುತ್ತಿದ್ದೆ. ಅವಳು ನಿನಗೆ ತನ್ನ ಹುಟ್ಟುಹಬ್ಬದ ಕತೆ ಹೇಳುತ್ತಿದ್ದಳು. ಪಕ್ಕದ ಫ್ಲ್ಯಾಟಿನ ಆಯೇಷಾ ನನ್ನ ಗೋಳಿಬಜೆಯ ತಟ್ಟೆ ನೋಡಿ “ವೇಂಡ ಆಂಟಿ” ಅಂದದ್ದು, ನಾನು “ಬೇಡವಾ? ಸರಿ” ಅಂದು ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದದ್ದು, ಉಳಿದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ್ದು. ನನ್ನ ಹಾಗೇ ಕುತ್ತಿಗೆ ನೆಟ್ಟಗೆ ಮಾಡಿ, ನನ್ನ ಹಾಗೇ ಹುಬ್ಬು ಗಂಟಿಕ್ಕಿ, ಇಲ್ಲದ ತಟ್ಟೆ ಹಿಡಿದು ನಡೆದು ತೋರಿಸಿದಳು. ನೀನು ಬಿದ್ದು ಬಿದ್ದು ನಕ್ಕೆ.

ನಗಿರಿ. ಅದು ನಗುವಂಥದ್ದೇ. ನನಗೆ ಚುಚ್ಚಿದ್ದು ಅದಲ್ಲ. ಅವಳು ಅಷ್ಟನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳು ಹುಟ್ಟಿದಾಗಿನಿಂದ ನಾನು ಅವಳ ಹತ್ತಿರ ಕನ್ನಡವೇ ಮಾತಾಡುತ್ತಾ ಬಂದವಳು. ನನಗೆ ಅವಳ ಉತ್ತರ ಮಲಯಾಳದಲ್ಲಿ, ಅದೂ ಒಂದೊಂದು ಪದ. ಶಾಲೆಯ ಗಾಳಿ, ಕನ್ನಡ ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಬರುತ್ತದೆ! ನಮ್ಮ ಅಮ್ಮ ಅನ್ನುವ ‘ಮಾರಾಯ್ತಿ’ ಕೂಡ ಬರುತ್ತದೆ. ನನ್ನ ಹತ್ತಿರ ಮಾತಾಡಲು ಮಾತ್ರ ಬರುವುದಿಲ್ಲ. ಗೇಟಿನ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿನ್ನ ಬಗ್ಗೆ ನಾನು ಅಂದುಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಮಕ್ಕಳಿಲ್ಲ ಅನ್ನುವುದನ್ನು ನಿನಗೆ ಎಲ್ಲರೂ ಸುತ್ತಿ ಬಳಸಿ ಹೇಳುತ್ತಾರೆ; ನಾನು ಅದನ್ನು ಸುತ್ತಿ ಬಳಸದೆ ಅಂದುಕೊಂಡೆ. ಅಷ್ಟು ಸಾಕು.

ಮಧ್ಯಾಹ್ನ ನೀನು ನನಗೆ ಬಡಿಸಿದೆ. ಬೇಡ ಅಂದದ್ದನ್ನೆಲ್ಲ ಬಡಿಸಿದೆ. ನಿನ್ನ ಯಜಮಾನರು ಕೃಷ್ಣಕುಮಾರರು ತಮ್ಮ ಸಂಶೋಧನಾ ಕೇಂದ್ರದಿಂದ ತಂದ ಮರಗೆಣಸು ಅಂತ ಮತ್ತಷ್ಟು ಹಾಕಿದರು. ಅನನ್ಯ ನನ್ನ ಎದುರಿಗೆ ತಲೆ ತಗ್ಗಿಸಿ ಉಂಡಳು. ನಾನು ಅಷ್ಟು ದೂರದಿಂದ ಒಂದೇ ಒಂದು ವಿಷಯ ಕೇಳಲು ಬಂದವಳು. ಹೊರಡುವಾಗ ನೀನು ಒಳಗೆ ಉಪ್ಪಿನಕಾಯಿ ಕಟ್ಟಲು ಹೋಗಿದ್ದೆ, ಆಗ ಗೇಟಿನ ಹತ್ತಿರ ಅವಳನ್ನು ಕೇಳಿದೆ: ಇಲ್ಲೇ ಇರ್ತೀಯಾ, ಮನೆಗೆ ಬರ್ತೀಯಾ? ಅವಳು ಕಾಲಿನ ಬೆರಳಿನಿಂದ ಮಣ್ಣು ಕೆದಕುತ್ತಾ ಇಲ್ಲೇ ಇರ್ತೇನೆ ಅಂದಳು. ಸರಿ ಅಂದೆ. ನೀನು ಉಪ್ಪಿನಕಾಯಿ ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ಆಟೋ ಹತ್ತಿದ್ದೆ.

ನಂಬುತ್ತೀಯೋ ಇಲ್ಲವೋ, ರೈಲಿನಲ್ಲಿ ನನ್ನ ಬಗ್ಗೆ ನನಗೆ ಹೆಮ್ಮೆಯೇ ಆಗಿತ್ತು. ಅಳಲಿಲ್ಲ, ರಂಪ ಮಾಡಲಿಲ್ಲ, ಮಗಳ ಇಷ್ಟಕ್ಕೆ ಅಡ್ಡ ಬರಲಿಲ್ಲ. ಮನೆಗೆ ಬಂದು ಹೇಳಿದಾಗ ನಿನ್ನ ಭಾವ ಕೇಳಿದ್ದು ಒಂದೇ, ಇನ್ನೊಂದು ಸಲ ಕೇಳಿದೆಯಾ ಅಂತ. ಯಾಕೆ ಕೇಳಬೇಕು, ಅವಳು ಹೇಳಿದಳಲ್ಲ ಅಂದೆ. ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಈಗ ನಿನ್ನ ಭಾನುವಾರದ ಫೋನ್. ನಾನು ಹೋದ ಮೇಲೆ ಅವಳು ಕತ್ತಲಾಗುವ ತನಕ ಗೇಟು ಬಿಟ್ಟು ಅಲ್ಲಾಡಲಿಲ್ಲ ಅಂದೆ. ಅವತ್ತಿನಿಂದ ಊಟ ಸೇರುತ್ತಿಲ್ಲ, ನಿನ್ನ ಹತ್ತಿರವೂ ಮಾತು ಕಡಿಮೆ, ಕೊನೆಗೆ ನಿನ್ನ ಸೆರಗಿನಲ್ಲಿ ಮುಖ ಇಟ್ಟು ಅತ್ತಳು ಅಂದೆ. ಅವಳು ಹೇಳಿದ್ದನ್ನು ನೀನು ಹಾಗೆಯೇ ಹೇಳಿದೆ: “ನಾನು ಸುಮ್ಮನೆ ಹೇಳಿದ್ದು ಚಿಕ್ಕಮ್ಮ. ಅಮ್ಮ ಒಂದು ಸಲ ಬಾ ಅನ್ನಬಹುದಿತ್ತು.”

ಮಗಳು ಅಳುತ್ತಿದ್ದಾಳೆ ಅಂತ ಕೇಳಿ ನನಗೆ ಸಂತೋಷವಾಯಿತು, ಸುಶೀಲಾ. ಹೆತ್ತವಳು ಹೀಗೆ ಬರೆಯಬಾರದು. ಆದರೂ ಆಯಿತು. ನಿನ್ನ ಸೆರಗು ಸಿಕ್ಕಿದರೂ, ನಿನ್ನ ಎಣ್ಣೆ, ನಿನ್ನ ಪಾಯಸ, ನಿನ್ನ ನಗು ಎಲ್ಲ ಸಿಕ್ಕಿದರೂ ಅವಳು ಅತ್ತದ್ದು ನನಗೋಸ್ಕರ. ಆ ಸಂತೋಷ ಬಾಯಿಗೆ ಬಂದುಬಿಟ್ಟೀತು ಅಂತ ಫೋನ್ ಇಟ್ಟುಬಿಟ್ಟೆ. ಹತ್ತಿರ ಕುರ್ಚಿ ಇತ್ತು, ಕುಳಿತೆ.

ಆಮೇಲೆ ಅವಳ ಮೇಲೂ ಸಿಟ್ಟು ಬಂತು. ಬೇಕಾದದ್ದನ್ನು ಬೇಡ ಅನ್ನುವ ಈ ವಿದ್ಯೆ ಯಾರು ಕಲಿಸಿದರು? ನಾನು ಕಲಿಸಲಿಲ್ಲ. ನೆಂಟರ ಪಾಯಸಕ್ಕೆ ಮಾತ್ರ ಅಂತ ತಿಳಿದಿದ್ದೆ, ಅಮ್ಮನಿಗೂ ಅದೇ ಉಪಚಾರ ಅಂತ ತಿಳಿದಿರಲಿಲ್ಲ. ಬೇಡ ಅಂದವರನ್ನು ಮತ್ತೆ ಕೇಳಿದರೆ ಅವರ ಮಾತಿಗೆ ಬೆಲೆ ಕೊಡದ ಹಾಗೆ ಅಂತಲೇ ನನ್ನ ಲೆಕ್ಕ. ಅವಳು ದೊಡ್ಡವಳಾಗಿದ್ದಾಳೆ, ಅವಳ ಮಾತನ್ನು ಮಾತು ಅಂತ ತೆಗೆದುಕೊಂಡೆ. ಅದು ನನ್ನ ಪ್ರೀತಿ. ಅವಳಿಗೆ ಕಂಡದ್ದು ನಾನು ಹತ್ತಿ ಹೋದ ಆಟೋದ ಹೊಗೆ ಮಾತ್ರ.

ಶನಿವಾರ ರಜೆ ಹಾಕಿ ಬರುತ್ತೇನೆ. ಈ ಸಲ ಹೇಳಿಯೇ ಬರುತ್ತಿದ್ದೇನೆ. ಅವಳನ್ನು ಬಾ ಅನ್ನುತ್ತೇನೆ. ಬರುವುದಿಲ್ಲ ಅಂದರೆ ಮತ್ತೊಂದು ಸಲ ಅನ್ನುತ್ತೇನೆ. ಅಭ್ಯಾಸ ನಡೆಯುತ್ತಿದೆ. ನಿನ್ನೆ ಎದುರು ಮನೆಯ ಮೇರಿ ಪಾತ್ರೆ ಕೊಡಲು ಬಂದಳು. ಚಹಾ ಕುಡಿಯುತ್ತೀರಾ ಅಂದೆ. ಬೇಡ ಅಂದಳು. ಕುಡಿಯಿರಿ ಅಂದೆ. ಗಾಬರಿಯಾಗಿ, ಚೇಚಿ, ಮೈಯಲ್ಲಿ ಹುಷಾರಿಲ್ಲವಾ ಅಂತ ಕೇಳಿದಳು. ಆದರೂ ಕುಳಿತು ಕುಡಿದಳು.

ಒಂದು ಮಾತು ನಡೆಸಿಕೊಡು. ನಾನು ಅವಳನ್ನು ಕೇಳುವಾಗ ನೀನು ಮಧ್ಯೆ ಬಾಯಿ ಹಾಕಬೇಡ. ಹೋಗು ಮಗಾ, ಅಮ್ಮ ಕರೀತಾ ಇದ್ದಾರೆ ಅಂತ ನಿನ್ನ ಬೆಲ್ಲದ ಬಾಯಿಂದ ಹೇಳಿದರೆ ಅವಳು ಖಂಡಿತ ಹೊರಡುತ್ತಾಳೆ, ಆಮೇಲೆ ಅದೂ ನಿನ್ನ ಲೆಕ್ಕಕ್ಕೇ ಹೋಗುತ್ತದೆ. ನನ್ನ ಒಣ ಮಾತಿಗೇ ಅವಳು ಬರಬೇಕು. ಬಾರದಿದ್ದರೆ ನಿನ್ನ ಶಾಲೆಗೆ ಸೇರಿಸು. ಯಾವ ಕಾಗದಕ್ಕೂ ನಾನು ಅಡ್ಡಿ ಬರುವುದಿಲ್ಲ. ನೀನು ಒಳಗೆ ಇರು, ಏನಾದರೂ ಕೆಲಸ ಮಾಡಿಕೊಂಡಿರು. ಬಾಗಿಲ ಸಂದಿಯಿಂದ ನೋಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಕೃಷ್ಣಕುಮಾರರಿಗೆ ನಮಸ್ಕಾರ ತಿಳಿಸು.

ಇಂತು ನಿನ್ನ ಅಕ್ಕ,
ಇಂದುಮತಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಎರಡನೇ ಶನಿವಾರದಿಂದ ಮೊನ್ನೆ ಭಾನುವಾರದ ತನಕ ನೀನು ಯಾಕೆ ಫೋನ್ ಮಾಡಲಿಲ್ಲ ಅಂತ ನಾನು ಕೇಳುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಕೊನೆಗೆ ಯಾಕೆ ಮಾಡಿದೆ ಅನ್ನುವುದೇ ಅರ್ಥವಾಗುತ್ತಿಲ್ಲ. ನೀನು ಇನ್ನೊಂದು ವಾರ ಸುಮ್ಮನಿದ್ದಿದ್ದರೆ ಶಾಲೆ ಶುರುವಾಗುತ್ತಿತ್ತು, ಅವಳ ಅಳು ನಿಲ್ಲುತ್ತಿತ್ತು, ಹುಡುಗಿ ನಿನ್ನ ಮನೆಯವಳೇ ಆಗುತ್ತಿದ್ದಳು. ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಊರೆಲ್ಲ ನನ್ನನ್ನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಅನ್ನುತ್ತದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿರಲಿಲ್ಲ, ಸುಶೀಲಾ.